ಡಾಕ್ಟರ್ ಆಗದವರ ಜೀವಶಾಸ್ತ್ರ

ಕಲಬುರಗಿಯಿಂದ ಹೈದರಾಬಾದಿಗೆ ಬರುವ ಬಸ್ಸು ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ತಲುಪುವ ಸ್ವಲ್ಪ ಮೊದಲು ಒಂದು ದೊಡ್ಡ ಗೇಟಿನ ಮುಂದೆ ಹಾಯುತ್ತದೆ. ಉದ್ದಕ್ಕೂ ಕಾಂಪೌಂಡು, ಒಳಗೆ ಹಸಿರು ಹೊಲ. ಕಳೆದ ಜೂನ್‌ನಲ್ಲಿ ಅಕ್ಕನ ಮಗಳನ್ನು ಇಲ್ಲಿಗೆ ಕರೆತರುವಾಗ ಅವಳು ಕಿಟಕಿಯಿಂದ ನೋಡಿ, ‘ಮಾಮಾ, ಇದೇನು?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಲ್ಲಿದ್ದ ಭಾವ, ‘ಯಾವ್ದೋ ಸರ್ಕಾರಿ ಹೊಲ ಅದ. ನೀ ನಿನ್ನ ನೋಟ್ಸ್ ನೋಡ್ಕೊ’ ಎಂದರು. ಅವಳು ತಲೆ ತಗ್ಗಿಸಿ ಮತ್ತೆ ಓದತೊಡಗಿದಳು.

ಅವಳು ಬರುತ್ತಿದ್ದದ್ದು ನೀಟ್ ಕೋಚಿಂಗಿಗೆ. ಇಲ್ಲಿ ಅದನ್ನು ‘ಲಾಂಗ್ ಟರ್ಮ್’ ಎನ್ನುತ್ತಾರೆ. ಪಿಯುಸಿ ಮುಗಿಸಿ, ರ‍್ಯಾಂಕ್ ಸಾಲದೆ, ಇನ್ನೊಂದು ವರ್ಷ ಬರೀ ಪ್ರವೇಶ ಪರೀಕ್ಷೆಗಾಗಿ ಓದುವವರ ಬ್ಯಾಚು ಅದು. ಬೀದರ್, ಕಲಬುರಗಿ, ರಾಯಚೂರು ಕಡೆಯ ಮಕ್ಕಳು ಇಲ್ಲಿನ ಹಾಸ್ಟೆಲುಗಳಲ್ಲಿ ಸಾಕಷ್ಟು ಸಿಗುತ್ತಾರೆ. ಇವಳಿಗೆ ಇದು ಎರಡನೆಯ ಲಾಂಗ್ ಟರ್ಮ್. ಫೀಸು ಬಂದದ್ದು ಕಮಲಾಪುರದ ಹತ್ತಿರದ ಹೊಲದ ತೊಗರಿಯಿಂದ.

ಆ ಗೇಟು ಇಕ್ರಿಸ್ಯಾಟ್‌ನದು. ಭಾವನ ಹೊಲದ ತೊಗರಿಗೂ ಆ ಗೇಟಿಗೂ ಇರುವ ನಂಟು ನನಗೆ ಗೊತ್ತಿತ್ತು. ಆದರೂ ಅಂದು ಬಸ್ಸಿನಲ್ಲಿ ಸುಮ್ಮನಿದ್ದೆ. ಈ ಲೇಖನ ಬರೆಯಲು ಆ ಮೌನವೇ ಕಾರಣ.

ಗೇಟಿನೊಳಗೆ

ಇಕ್ರಿಸ್ಯಾಟ್ ಎಂದರೆ ಅರೆ ಒಣ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. 1972ರಲ್ಲಿ ಶುರುವಾಯಿತು. ಸುಮಾರು 1,400 ಹೆಕ್ಟೇರ್ ಆವರಣ. ಅಲ್ಲಿ ನಡೆಯುವುದು ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಕೆಲಸ. ಅಂದರೆ ನಮ್ಮ ಕಡೆಯ ಅಡುಗೆಮನೆಯಲ್ಲಿರುವುದೆಲ್ಲ ಆ ಕಾಂಪೌಂಡಿನೊಳಗಿದೆ. ಅದರ ಬೀಜ ಭಂಡಾರದಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಬೀಜ ಮಾದರಿಗಳನ್ನು ತಣ್ಣಗೆ ಕಾಪಿಟ್ಟಿದ್ದಾರೆ.

ತೊಗರಿ ಬೆಳೆಯುವವರಿಗೆ ನೆಟೆ ರೋಗ ಏನೆಂದು ಹೇಳಬೇಕಿಲ್ಲ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಅಕ್ಕನ ಮಗಳು ಏಳೆಂಟು ವರ್ಷದವಳಿದ್ದಾಗ ಹೊಲದಲ್ಲಿ ನಿಂತು, ‘ಒಂದು ಗಿಡ ಒಣಗ್ಯದ, ಅದರ ಬಾಜೂದ್ದು ಯಾಕ ಒಣಗಿಲ್ಲ?’ ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದೆವು.

ಅದು ನಗುವ ಪ್ರಶ್ನೆಯಲ್ಲ. ಪಟಾನ್‌ಚೆರುವಿನ ಸಸ್ಯರೋಗ ತಜ್ಞರು ಅದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ದುಡಿದರು. ಬೇಕೆಂದೇ ರೋಗ ತುಂಬಿಸಿದ ಹೊಲ ಮಾಡಿ, ಅದರಲ್ಲಿ ನೂರಾರು ತಳಿ ಬಿತ್ತಿ, ಯಾವುದು ಹಸಿರಾಗಿ ಉಳಿಯುತ್ತದೆ ಎಂದು ನೋಡುವುದು ಅವರ ವಿಧಾನ. ಹಾಗೆ ಉಳಿದವುಗಳಲ್ಲಿ ಒಂದು ಐಸಿಪಿ 8863. 1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಕಲಬುರಗಿ ಸೀಮೆಯಲ್ಲಿ ಮಾರುತಿ ತೊಗರಿ ಗೊತ್ತಿಲ್ಲದ ರೈತನಿಲ್ಲ. ಮಾರುತಿಗೆ ನೆಟೆ ತಡೆಯುವ ಶಕ್ತಿ ಇತ್ತು, ಗೊಡ್ಡು ರೋಗ ತಡೆಯುವ ಶಕ್ತಿ ಇರಲಿಲ್ಲ. ಎರಡನ್ನೂ ತಡೆಯುವ ‘ಆಶಾ’ ಆಮೇಲೆ ಬಂತು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದವರು ಟಿಎಸ್-3ಆರ್ ಕೊಟ್ಟರು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. 2022–23ರ ಹಂಗಾಮಿನಲ್ಲಿ ನೆಟೆ ಮತ್ತೆ ದೊಡ್ಡದಾಗಿ ಹೊಡೆಯಿತು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಅಂದರೆ ಆ ಕೆಲಸ ಮುಗಿದಿಲ್ಲ.

ಒಂದು ತಳಿಯ ಹಿಂದೆ ಎಷ್ಟು ಜನರ ಉದ್ಯೋಗ ಇದೆ, ಎಣಿಸಿ ನೋಡಿ. ತಳಿ ಅಭಿವೃದ್ಧಿ ಮಾಡುವವರು, ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸುವವರು, ಕೀಟ ಶಾಸ್ತ್ರಜ್ಞರು, ಬೀಜ ಭಂಡಾರ ಕಾಯುವವರು, ಡಿಎನ್‌ಎ ಗುರುತುಗಳನ್ನು ಓದುವವರು, ಅಂಕಿ–ಅಂಶ ಲೆಕ್ಕ ಹಾಕುವವರು, ಬೀಜ ಪ್ರಮಾಣೀಕರಣ ಮಾಡುವವರು, ರೈತರ ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸುವವರು. ಇವರಲ್ಲಿ ಯಾರೂ ಎಂಬಿಬಿಎಸ್ ಓದಿದವರಲ್ಲ. ಎಲ್ಲರೂ ಜೀವಶಾಸ್ತ್ರದಲ್ಲಿ ಬದುಕುವವರು. ಆ ತೊಗರಿಯ ದುಡ್ಡಿನಲ್ಲಿ ಕೋಚಿಂಗಿಗೆ ಬರುತ್ತಿರುವ ಹುಡುಗಿ ಆ ಗೇಟನ್ನು ‘ಯಾವುದೋ ಹೊಲ’ ಎಂದು ದಾಟಿ ಬಂದಳು.

ಲೆಕ್ಕ ಮತ್ತು ಲಜ್ಜೆ

ನೀಟ್ ಲೆಕ್ಕ ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ಬರೆದು ನೋಡಬೇಕು. 2024ರಲ್ಲಿ ನೋಂದಾಯಿಸಿಕೊಂಡವರು 24 ಲಕ್ಷಕ್ಕೂ ಹೆಚ್ಚು. ದೇಶದ ಎಲ್ಲ ಸರ್ಕಾರಿ, ಖಾಸಗಿ ಕಾಲೇಜು ಸೇರಿ ಎಂಬಿಬಿಎಸ್ ಸೀಟುಗಳು 1 ಲಕ್ಷ 10 ಸಾವಿರದ ಆಸುಪಾಸು. ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಆ ಸೀಟುಗಳಲ್ಲೂ ದೊಡ್ಡ ಪಾಲಿನ ಫೀಸು ನಮ್ಮಂಥವರ ಕೈಗೆ ಎಟುಕುವುದಲ್ಲ. ಉಳಿದ ಹತ್ತೊಂಬತ್ತು ಮಕ್ಕಳು ದಡ್ಡರಲ್ಲ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಜೀವಕೋಶ, ವಂಶವಾಹಿ, ಸಸ್ಯ, ಪ್ರಾಣಿ, ಪರಿಸರ ಎಲ್ಲವನ್ನೂ ಎರಡು–ಮೂರು ವರ್ಷ ಅರೆದು ಕುಡಿದ ಮಕ್ಕಳವರು. ಪರೀಕ್ಷೆ ಕೈಕೊಟ್ಟ ಮರುದಿನ ಆ ಓದೆಲ್ಲ ದಂಡ ಎಂದು ಮನೆಯವರು ತೀರ್ಮಾನಿಸುತ್ತಾರೆ. ‘ಬಯಾಲಜಿ ತೊಗೊಂಡು ಡಾಕ್ಟರ್ ಆಗಲಿಲ್ಲ ಅಂದ್ರ ಏನು ಮಾಡ್ತಿ?’ ಎಂಬುದು ನಮ್ಮೂರಿನಲ್ಲಿ ಪ್ರಶ್ನೆಯಲ್ಲ, ಬೈಗುಳ.

ಈ ಬೈಗುಳವನ್ನು ನಾನೂ ತಿಂದಿದ್ದೇನೆ. ತೊಂಬತ್ತರ ದಶಕದಲ್ಲಿ ಎರಡು ಸಲ ಸಿಇಟಿ ಬರೆದೆ. ಮೆಡಿಕಲ್ ಸೀಟು ಸಿಗಲಿಲ್ಲ. ಬಿಎಸ್‌ಸಿ ಮಾಡಿದೆ, ಆಮೇಲೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂಎಸ್‌ಸಿ. ಹೈದರಾಬಾದಿಗೆ ಬಂದು ಲಸಿಕೆ ತಯಾರಿಸುವ ಕಂಪನಿಯೊಂದರಲ್ಲಿ ಟ್ರೈನಿಯಾಗಿ ಸೇರಿ ಇಪ್ಪತ್ತು ವರ್ಷ ದಾಟಿತು. ಊರಿಗೆ ಹೋದಾಗ ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಕಂಪನಿಯಲ್ಲಿದ್ದೀನಿ’ ಎನ್ನುತ್ತಿದ್ದೆ. ಹೆಚ್ಚು ಕೇಳಿದರೆ ‘ಮೆಡಿಸಿನ್ ಕಂಪನಿ’. ಡಾಕ್ಟರ್ ಆಗಲಾಗದವನು ಸಿಕ್ಕಿದ ಕೆಲಸ ಮಾಡಿಕೊಂಡಿದ್ದಾನೆ ಎಂದು ಅವರು ಅಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಬಹಳ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹಾಗಾಗಿ ಅಕ್ಕನ ಮಗಳಿಗೆ ಇನ್ನೊಂದು ದಾರಿ ಕಾಣದಿದ್ದರೆ ಅದು ಅವಳ ತಪ್ಪಲ್ಲ. ಅವಳ ಸೋದರಮಾವನೇ ಆ ದಾರಿಯಲ್ಲಿ ನಡೆದು, ಹೆಜ್ಜೆ ಗುರುತು ಅಳಿಸಿಕೊಂಡು ಕೂತಿದ್ದ.

ಒಂದೇ ರಸ್ತೆಯ ಮೂರು ಬಾಗಿಲು

ಸೆಪ್ಟೆಂಬರಿನಲ್ಲಿ ಅವಳನ್ನು ಹಾಸ್ಟೆಲಿನಿಂದ ಒಂದು ದಿನದ ಮಟ್ಟಿಗೆ ಹೊರಗೆ ಕರೆತಂದೆ. ತಾರ್ನಾಕಾದಿಂದ ಉಪ್ಪಲ್ ಕಡೆಗೆ ಹೋಗುವ ರಸ್ತೆಯಲ್ಲಿ ಸಿಟಿ ಬಸ್ ಹತ್ತಿದೆವು. ಹೈದರಾಬಾದಿನಲ್ಲಿರುವ ಕನ್ನಡಿಗರು ಈ ರಸ್ತೆಯಲ್ಲಿ ನೂರಾರು ಸಲ ಓಡಾಡಿರುತ್ತಾರೆ.

ಮೊದಲು ಸಿಗುವುದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಸಣ್ಣದಾಗಿ ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಬಂತು. ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನ್, ಯಾವ ಸೊಪ್ಪಿನಲ್ಲಿ ಎಷ್ಟು ಕಬ್ಬಿಣಾಂಶ ಎಂದು ನಮ್ಮ ಡಾಕ್ಟರುಗಳು ಹೇಳುವ ಮಾತಿನ ಮೂಲ ಇಲ್ಲಿದೆ. 2017ರಲ್ಲಿ ಈ ಸಂಸ್ಥೆ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ 528 ಪದಾರ್ಥಗಳ ವಿವರ ಇದೆ. ದೇಶದ ಬೇರೆ ಬೇರೆ ಮಾರುಕಟ್ಟೆಗಳಿಂದ ಮಾದರಿ ತಂದು, ಒಣಗಿಸಿ, ಪುಡಿ ಮಾಡಿ, ಅಳೆದು ಬರೆದವರು ಜೀವರಸಾಯನ, ಆಹಾರ ವಿಜ್ಞಾನ ಓದಿದವರು.

ಮುಂದೆ ಹಬ್ಸಿಗುಡದಲ್ಲಿ ಸಿಸಿಎಂಬಿ. ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ. 1977ರಲ್ಲಿ ಪುಷ್ಪಮಿತ್ರ ಭಾರ್ಗವ ಅವರ ಮುಂದಾಳತ್ವದಲ್ಲಿ ಕಟ್ಟಿದ್ದು. ಅದರಾಚೆ ಉಪ್ಪಲ್‌ನಲ್ಲಿ ಸಿಡಿಎಫ್‌ಡಿ, ಡಿಎನ್‌ಎ ಬೆರಳಚ್ಚು ಮತ್ತು ರೋಗ ಪತ್ತೆಯ ಕೇಂದ್ರ. ನಮ್ಮ ದೇಶದಲ್ಲಿ ಡಿಎನ್‌ಎ ಬೆರಳಚ್ಚಿನ ಸ್ವಂತ ವಿಧಾನ ರೂಪಿಸಿದ ಲಾಲ್‌ಜಿ ಸಿಂಗ್ ಕೆಲಸ ಮಾಡಿದ್ದು ಸಿಸಿಎಂಬಿಯಲ್ಲಿ. ಹಾವುಗಳ ಲಿಂಗ ನಿರ್ಧಾರದ ಅಧ್ಯಯನದಿಂದ ಹೊರಟ ಎಳೆ ಕೊನೆಗೆ ಕೋರ್ಟಿನ ಸಾಕ್ಷ್ಯವಾಯಿತು. ಕಡಂಬಳ ಹಾವನ್ನು ನೋಡುತ್ತ ಕೂತವನ ಕೆಲಸ ನಾಳೆ ಯಾರದೋ ಮಗುವಿನ ತಂದೆ ಯಾರೆಂದು ಹೇಳುತ್ತದೆ ಎಂದು ಯಾವ ಕರಿಯರ್ ಗೈಡೂ ಹೇಳಲಾರದು.

ಸಿಸಿಎಂಬಿಯದೇ ಇನ್ನೊಂದು ಅಂಗ ಅತ್ತಾಪುರದಲ್ಲಿದೆ. ಹೆಸರು ಲೇಕೋನ್ಸ್. ಅಳಿವಿನ ಅಂಚಿನ ಪ್ರಾಣಿಗಳಿಗಾಗಿ ಮಾಡಿದ ಪ್ರಯೋಗಾಲಯ. ಅರಣ್ಯ ಇಲಾಖೆಯವರು ಹಿಡಿದ ಮಾಂಸದ ತುಂಡು, ಕೂದಲು, ಮೂಳೆ ಯಾವ ಪ್ರಾಣಿಯದು ಎಂದು ಡಿಎನ್‌ಎ ನೋಡಿ ಹೇಳುವುದು ಅಲ್ಲಿನ ಕೆಲಸಗಳಲ್ಲಿ ಒಂದು. ‘ಇದು ಮೇಕೆ ಮಾಂಸ ಸ್ವಾಮಿ’ ಎನ್ನುವ ಬೇಟೆಗಾರನ ಮಾತು ಅಲ್ಲಿ ನಿಲ್ಲುವುದಿಲ್ಲ.

ರಾಜೇಂದ್ರನಗರದ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿ ಸೇರಿ ಮಾಡಿದ ಒಂದು ಕೆಲಸ ನಮ್ಮ ತುಂಗಭದ್ರಾ ಸೀಮೆಗೂ ಸಂಬಂಧಪಟ್ಟದ್ದು. ಸಿಂಧನೂರು, ಗಂಗಾವತಿಯ ರೈತರು ‘ಬಿಪಿಟಿ’ ಎಂದು ಕರೆಯುವ ಸಾಂಬಾ ಮಸೂರಿ ಭತ್ತಕ್ಕೆ ದುಂಡಾಣು ಅಂಗಮಾರಿ ರೋಗ ಬೇಗ ತಗಲುತ್ತದೆ. ರೋಗ ತಡೆಯುವ ಮೂರು ಜೀನುಗಳನ್ನು ತಳಿ ಸಂಕರಣದ ಮೂಲಕವೇ ಅದಕ್ಕೆ ಸೇರಿಸಿ, 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಿಡುಗಡೆ ಮಾಡಿದರು. ಅನ್ನದ ರುಚಿ ಕೆಡಲಿಲ್ಲ. ಆ ಅಕ್ಕಿ ಸಕ್ಕರೆ ಪ್ರಮಾಣವನ್ನು ನಿಧಾನವಾಗಿ ಏರಿಸುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ನೋಡುವವರು, ಗದ್ದೆಯಲ್ಲಿ ಕಾಲಿಡುವವರು ಇಬ್ಬರೂ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ನಾವು ಹೋದದ್ದು ಸಿಸಿಎಂಬಿಯ ತೆರೆದ ದಿನಕ್ಕೆ. ಸಿಎಸ್‌ಐಆರ್ ಸಂಸ್ಥಾಪನಾ ದಿನವಾದ ಸೆಪ್ಟೆಂಬರ್ 26ರ ಆಸುಪಾಸು ಸಾರ್ವಜನಿಕರಿಗೆ ಬಾಗಿಲು ತೆರೆಯುವ ರೂಢಿ ಇದೆ. ಹಣ್ಣಿನ ನೊಣಗಳ ಸೀಸೆ ಇಟ್ಟುಕೊಂಡು ವಿವರಿಸುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿನಿಯನ್ನು ಅಕ್ಕನ ಮಗಳು ಹಿಂಜರಿಯುತ್ತಲೇ, ‘ನೀವು ನೀಟ್ ಬರೆದಿದ್ರಾ?’ ಎಂದು ಕೇಳಿದಳು. ‘ಎರಡು ಸಲ’ ಎಂದು ಆಕೆ ನಕ್ಕು, ಮತ್ತೆ ನೊಣದ ಕಣ್ಣಿನ ಬಣ್ಣದ ವಿಷಯಕ್ಕೆ ಹೋದಳು. ಆ ದಿನ ಅಲ್ಲಿ ನೋಡಿದ್ದರಲ್ಲಿ ಅಕ್ಕನ ಮಗಳು ನೆನಪಿಟ್ಟುಕೊಂಡದ್ದು ಅದೊಂದನ್ನೇ ಎಂದು ನನ್ನ ಗುಮಾನಿ.

ಒಂದು ಲಸಿಕೆಯ ಹಿಂದೆ

ವಾಪಸು ಬರುವಾಗ ಅವಳು ಕೇಳಿದಳು, ‘ಮಾಮಾ, ನೀ ಖರೇನ ಏನು ಕೆಲಸ ಮಾಡ್ತಿ?’ ಇಷ್ಟು ವರ್ಷದಲ್ಲಿ ಮನೆಯವರಾರೂ ಹಾಗೆ ಕೇಳಿರಲಿಲ್ಲ.

ನನ್ನ ಕೆಲಸ ಗುಣಮಟ್ಟ ನಿಯಂತ್ರಣ. ತಯಾರಾದ ಲಸಿಕೆಯಲ್ಲಿ ಒಂದೇ ಒಂದು ಬೇಡದ ಸೂಕ್ಷ್ಮಾಣು ಕೂಡ ಇಲ್ಲ ಎಂದು ಪರೀಕ್ಷಿಸಿ ಬರೆದುಕೊಡುವುದು. ಮಾದರಿಯನ್ನು ಪೋಷಕ ದ್ರವದಲ್ಲಿಟ್ಟು 14 ದಿನ ಕಾಯಬೇಕು. ದ್ರವ ತಿಳಿಯಾಗಿಯೇ ಉಳಿದರೆ ಪಾಸು, ಮಸುಕಾದರೆ ತನಿಖೆ. ಹದಿನಾಲ್ಕು ದಿನ ಏನೂ ಆಗದಿರಲಿ ಎಂದು ಕಾಯುವ ಕೆಲಸ ಇದು. ಬೇಸರದ್ದೇ. ಆದರೆ ಆ ಸೀಸೆ ಹೋಗುವುದು ಆರು ವಾರದ ಕೂಸಿನ ತೊಡೆಗೆ.

ನನ್ನ ಮೇಜಿಗೆ ಬರುವ ಮೊದಲು ಆ ಬ್ಯಾಚ್ ಎಷ್ಟೋ ಕೈ ದಾಟಿರುತ್ತದೆ. ಜೀವಕೋಶ ಬೆಳೆಸುವವರು ಬೇರೆ, ಶುದ್ಧೀಕರಿಸುವವರು ಬೇರೆ. ಪ್ರಾಣಿಗಳ ವಿಭಾಗದಲ್ಲಿ ಪಶುವೈದ್ಯರಿರುತ್ತಾರೆ. ನನ್ನ ನಂತರ ದಾಖಲೆ ತಿದ್ದುವ ಗುಣಮಟ್ಟ ಭರವಸೆಯವರು, ಸರ್ಕಾರಕ್ಕೆ ಕಡತ ಬರೆಯುವ ನಿಯಂತ್ರಣ ವಿಭಾಗದವರು, ಆಸ್ಪತ್ರೆಗಳಲ್ಲಿ ಪ್ರಯೋಗ ಸಂಯೋಜಿಸುವವರು, ಅಡ್ಡಪರಿಣಾಮಗಳ ವರದಿ ವಿಶ್ಲೇಷಿಸುವವರು. ಲಸಿಕೆಯ ಪ್ರತಿ ಬ್ಯಾಚೂ ಹಿಮಾಚಲದ ಕಸೌಲಿಯ ಕೇಂದ್ರೀಯ ಔಷಧ ಪ್ರಯೋಗಾಲಯದ ಒಪ್ಪಿಗೆ ಪಡೆಯಬೇಕು. ಅಲ್ಲೂ ಪರೀಕ್ಷಿಸುವವರು ನಮ್ಮಂಥವರೇ. ಕೋವಿಡ್ ಸಮಯದಲ್ಲಿ ಆ ಕೆಲಸಕ್ಕೆ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯನ್ನೂ ಸೇರಿಸಿದ್ದರು.

ಈ ಊರು ಲಸಿಕೆಗಳ ಊರಾದದ್ದು ಒಂದೇ ದಿನದಲ್ಲಲ್ಲ. ಬಯಾಲಾಜಿಕಲ್ ಇ 1953ರಿಂದ ಇದೆ. ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದ ಮೊದಲ ಸ್ವದೇಶಿ ಪುನಃಸಂಯೋಜಿತ ಹೆಪಟೈಟಿಸ್–ಬಿ ಲಸಿಕೆ ತಂದು ಅದರ ಬೆಲೆ ಇಳಿಸಿತು. ಭಾರತ್ ಬಯೋಟೆಕ್ ಕಟ್ಟಿದ ಕೃಷ್ಣ ಎಲ್ಲ ಪದವಿ ಓದಿದ್ದು ವೈದ್ಯಕೀಯವಲ್ಲ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಕೃಷಿ.

ಕರ್ನಾಟಕದ ಉದಾಹರಣೆಯನ್ನೇ ಬೇಕೆಂದರೆ ಮಂಗನ ಕಾಯಿಲೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ವೈರಸ್ ಅದು. ಮಲೆನಾಡಿನಲ್ಲಿ ಈಗಲೂ ಬೇಸಿಗೆ ಬಂದರೆ ಭಯ. ಕಾಡಿನಲ್ಲಿ ಬಟ್ಟೆ ಎಳೆದು ಉಣುಗು ಹಿಡಿದು ಎಣಿಸುವವರು ಕೀಟ ಶಾಸ್ತ್ರಜ್ಞರು. ಸತ್ತ ಮಂಗದ ಮರಣೋತ್ತರ ಪರೀಕ್ಷೆ ಮಾಡುವವರು ಪಶುವೈದ್ಯರು. ಶಿವಮೊಗ್ಗ, ಪುಣೆಯ ಪ್ರಯೋಗಾಲಯಗಳಲ್ಲಿ ವೈರಸ್ ಪತ್ತೆ ಮಾಡುವವರು ಸೂಕ್ಷ್ಮಜೀವಿಶಾಸ್ತ್ರ ಓದಿದವರು. ಹಳೆಯ ಲಸಿಕೆಯ ಬಳಕೆ ನಿಂತಿದೆ. ಹೊಸದನ್ನು ಐಸಿಎಂಆರ್ ಜೊತೆಗೂಡಿ ಸಿದ್ಧಪಡಿಸುವ ಕೆಲಸ ಹಿಡಿದಿರುವುದು ಇದೇ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್, ನಮ್ಮ ದನಕರುಗಳ ಕಾಲುಬಾಯಿ ಬೇನೆಗೆ ಲಸಿಕೆ ಮಾಡುವ ಕಂಪನಿ. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಡಾಕ್ಟರ್ ಈ ಸಾಲಿನಲ್ಲಿ ಕೊನೆಯವರು. ಸಾಲು ಇಲ್ಲದಿದ್ದರೆ ಅವರ ಕೈ ಖಾಲಿ.

ಮುಚ್ಚಿಡಬಾರದ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಕೋಚಿಂಗ್ ಕ್ಲಾಸಿನ ಪೋಸ್ಟರಿನ ಹಾಗೆ ಆಗುತ್ತೇನೆ. ಈ ದಾರಿಯ ಕಲ್ಲುಮುಳ್ಳು ಮೊದಲೇ ಹೇಳಬೇಕು.

ಮೊದಲನೆಯದು ಸಂಬಳ. ಜೀವಶಾಸ್ತ್ರದಲ್ಲಿ ಬರೀ ಬಿಎಸ್‌ಸಿ ಮಾಡಿದವರಿಗೆ ಆರಂಭದ ಸಂಬಳ ಕಡಿಮೆ. ಅದೇ ವಯಸ್ಸಿನ ಸಾಫ್ಟ್‌ವೇರ್ ಹುಡುಗನ ಜೊತೆ ಹೋಲಿಸಿದರೆ ಮನಸ್ಸು ಕೆಡುತ್ತದೆ. ಎಂಎಸ್‌ಸಿ ಇಲ್ಲದೆ ಮುಂದೆ ಹೋಗುವುದು ಕಷ್ಟ. ಕಂಪನಿಯಲ್ಲಿ ಶಿಫ್ಟ್ ಇರುತ್ತದೆ, ರಾತ್ರಿ ಪಾಳಿಯೂ ಇರುತ್ತದೆ.

ಎರಡನೆಯದು ಕಾಯುವಿಕೆ. ಸಂಶೋಧನೆಗೆ ಹೋಗುವವರು ಪಿಎಚ್‌ಡಿಗೆ ಐದಾರು ವರ್ಷ ಇಡಬೇಕು. ಸಿಎಸ್‌ಐಆರ್–ಯುಜಿಸಿ ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಬದುಕಲು ಸಾಕು, ಆದರೆ ಆ ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ. ಪಿಎಚ್‌ಡಿ ಮುಗಿದ ಮೇಲೂ ಕಾಯಂ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯುವ ಗುತ್ತಿಗೆ ಹುದ್ದೆಗಳೇ ಹೆಚ್ಚು.

ಮೂರನೆಯದು ಕಾಲೇಜು. ‘ಬಯೋಟೆಕ್ನಾಲಜಿ’ ಎಂಬ ಬೋರ್ಡ್ ಹಾಕಿಕೊಂಡು ಸೂಕ್ಷ್ಮದರ್ಶಕಕ್ಕೆ ಬೀಗ ಹಾಕಿಟ್ಟ ಕಾಲೇಜುಗಳಿವೆ. ನನ್ನ ಬಳಿ ಸಂದರ್ಶನಕ್ಕೆ ಬಂದ ಕೆಲವರು ಪದವಿ ಮುಗಿಸಿದ್ದರು, ಒಮ್ಮೆಯೂ ತಮ್ಮ ಕೈಯಾರೆ ಬ್ಯಾಕ್ಟೀರಿಯಾ ಬೆಳೆಸಿರಲಿಲ್ಲ. ಅದು ಆ ಮಕ್ಕಳ ತಪ್ಪಲ್ಲ. ಕೆಲಸ ಕೊಡಲಾಗದೆ ಕಳಿಸಿದಾಗ ತಲೆ ತಗ್ಗಿಸಿ ಹೋದವರು ಮಾತ್ರ ಅವರೇ.

ಹಾಗಾಗಿ ಸೇರುವ ಮೊದಲು ಮೂರು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಗಂಟೆ ಪ್ರಯೋಗಾಲಯದಲ್ಲಿ ಕೈಯಾಡಿಸಲು ಬಿಡುತ್ತಾರೆ? ಕೊನೆಯ ವರ್ಷದ ಪ್ರಾಜೆಕ್ಟ್ ಎಲ್ಲಿ ಮಾಡಿಸುತ್ತಾರೆ? ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಅವರ ಫೋನ್ ನಂಬರ್ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ತಡವರಿಸುವ ಕಾಲೇಜಿನಿಂದ ಎದ್ದು ಬನ್ನಿ.

ಇದಕ್ಕಾಗಿ ಊರು ಬಿಡಲೇಬೇಕು ಎಂದೂ ಅಲ್ಲ. ರಾಯಚೂರು, ಧಾರವಾಡ, ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ, ಬಾಗಲಕೋಟೆಯಲ್ಲಿ ತೋಟಗಾರಿಕೆ, ಬೀದರ್‌ನಲ್ಲಿ ಪಶುವೈದ್ಯಕೀಯ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನಕ್ಕೆ ಸಿಎಫ್‌ಟಿಆರ್‌ಐ, ರೇಷ್ಮೆಗೆ ಕೇಂದ್ರೀಯ ಸಂಸ್ಥೆ. ಕೃಷಿ ಪದವಿಗೆ ಸಿಇಟಿ ಮೂಲಕ ಸೀಟು, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ನಮ್ಮ ಭಾಗದವರಿಗೆ 371(ಜೆ) ಮೀಸಲಾತಿಯೂ ಇದೆ. ಪದವಿಯ ನಂತರ ಬಯೋಟೆಕ್ನಾಲಜಿ ಎಂಎಸ್‌ಸಿಗೆ ಗ್ಯಾಟ್–ಬಿ, ಐಐಟಿಗಳಿಗೆ ಜಾಮ್. ಬರೆಯುವ ಆಸಕ್ತಿ ಇದ್ದರೆ ವೈದ್ಯಕೀಯ ಬರವಣಿಗೆ, ಕಾನೂನಿನ ಆಸಕ್ತಿ ಇದ್ದರೆ ಪೇಟೆಂಟ್ ಏಜೆಂಟ್. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಎಲ್‌ಎಲ್‌ಬಿ ಬೇಡ, ವಿಜ್ಞಾನದ ಪದವಿ ಸಾಕು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು?

ನಮ್ಮ ಪಾಲಿನ ಕೆಲಸ

ಇಲ್ಲಿ ಹೊರನಾಡ ಕನ್ನಡಿಗರಾದ ನಮ್ಮ ಪಾತ್ರ ಬರುತ್ತದೆ. ನಮ್ಮಲ್ಲಿ ಬಹಳ ಜನ ಜೀನೋಮ್ ವ್ಯಾಲಿಯಲ್ಲಿ, ಪುಣೆ, ಅಹಮದಾಬಾದ್, ಚೆನ್ನೈಗಳ ಲ್ಯಾಬುಗಳಲ್ಲಿ, ಔಷಧ ಕಂಪನಿಗಳಲ್ಲಿ ಇದ್ದೇವೆ. ಊರಿಗೆ ಹೋದಾಗ ಏನೆಂದು ಹೇಳಿಕೊಳ್ಳುತ್ತೇವೆ? ನಮ್ಮ ತಾಲ್ಲೂಕಿನ ಮಗು ಡಾಕ್ಟರನ್ನು ನೋಡಿದೆ, ಮೇಷ್ಟ್ರನ್ನು ನೋಡಿದೆ, ಎಂಜಿನಿಯರನ್ನು ನೋಡಿದೆ. ಸಸ್ಯರೋಗ ತಜ್ಞೆಯನ್ನು, ಭ್ರೂಣಶಾಸ್ತ್ರಜ್ಞನನ್ನು, ಆನುವಂಶಿಕ ಸಲಹೆಗಾರ್ತಿಯನ್ನು ನೋಡಿಲ್ಲ. ಕಣ್ಣಿಗೆ ಕಾಣದ ಕೆಲಸವನ್ನು ಯಾವ ಮಗುವೂ ಬಯಸಲಾರದು. ಸೀಟುಗಳ ಕೊರತೆಯನ್ನು ನಾವು ತುಂಬಲಾರೆವು, ಈ ಕುರುಡನ್ನು ಕಳೆಯಬಲ್ಲೆವು.

ಬಿ.ಜಿ.ಎಲ್. ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು, ನಮ್ಮಂತೆಯೇ ಹೊರನಾಡಿನಲ್ಲಿ ದುಡಿದ ಕನ್ನಡಿಗ. ತಮ್ಮ ದುಡಿಮೆಯನ್ನು ಅವರು ಇಂಗ್ಲಿಷಿನ ಪ್ರಬಂಧಗಳಲ್ಲಿ ಮಾತ್ರ ಬಚ್ಚಿಡಲಿಲ್ಲ. ಕಾಡು, ಗಿಡ, ಪ್ರವಾಸ, ವಿದ್ಯಾರ್ಥಿಗಳ ಚೇಷ್ಟೆ ಎಲ್ಲವನ್ನೂ ಕನ್ನಡದಲ್ಲಿ ಬರೆದರು. ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಪ್ರಶಸ್ತಿಗೆ ಬರೆಯಬೇಕಿಲ್ಲ. ರಜೆಗೆ ಹೋದಾಗ ಓದಿದ ಪಿಯು ಕಾಲೇಜಿನಲ್ಲಿ ಒಂದು ಗಂಟೆ ಮಾತಾಡಬಹುದು. ನಾನು ಏನು ಮಾಡುತ್ತೇನೆ, ಹೇಗೆ ಸೇರಿದೆ, ಎಷ್ಟು ಸಲ ಸೋತೆ, ಎಷ್ಟು ಸಂಬಳ, ಏನು ಬೇಸರ ಎಂದು ಮುಚ್ಚುಮರೆಯಿಲ್ಲದೆ ಹೇಳಬಹುದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಂದು ಭಾನುವಾರ ಲಾಂಗ್ ಟರ್ಮ್ ಮಕ್ಕಳಿಗೆ ಊಟ ಹಾಕಿ, ನಾಲ್ಕು ಜನ ಇಂಥವರನ್ನು ಅವರ ಎದುರು ಕೂರಿಸಬಹುದು. ಪರಊರಿನ ಹಾಸ್ಟೆಲಿನಲ್ಲಿ ಆ ಮಕ್ಕಳಿಗೆ ಜೋಳದ ರೊಟ್ಟಿಯೂ ಬೇಕು, ಈ ಮಾತೂ ಬೇಕು.

ಅಕ್ಕನ ಮಗಳ ಕಥೆ ಇನ್ನೂ ಮುಗಿದಿಲ್ಲ. ಬರುವ ಮೇನಲ್ಲಿ ಅವಳು ಮೂರನೆಯ ಸಲ ನೀಟ್ ಬರೆಯುತ್ತಾಳೆ. ಬರೆಯಲಿ, ಸೀಟು ಸಿಕ್ಕರೆ ಡಾಕ್ಟರಾಗಲಿ. ನಾನು ಬೇಡವೆನ್ನುವವನಲ್ಲ. ಆದರೆ ಈ ಸಲ ಸಿಇಟಿಗೂ ಓದುತ್ತಿದ್ದಾಳೆ, ಕೃಷಿಕ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ಕಾಗದ ಪತ್ರ ಒಟ್ಟುಮಾಡಲು ಅಪ್ಪನಿಗೆ ಹೇಳಿದ್ದಾಳೆ. ಇನ್ನೊಂದು ಲಾಂಗ್ ಟರ್ಮ್ ಇಲ್ಲ ಎಂದು ಅವಳೇ ತೀರ್ಮಾನಿಸಿದ್ದಾಳೆ.

ಮೊನ್ನೆ ಭಾವ ಫೋನ್ ಮಾಡಿದ್ದರು. ಹೊಲದ ಒಂದು ಮಗ್ಗುಲಿಗೆ ಈ ಸಲವೂ ನೆಟೆ ತಗಲಿತ್ತು ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಪಟಾನ್‌ಚೆರು ಹತ್ರದ್ದು ಗೇಟು, ಏನಂದಿ ಅದರ ಹೆಸರು? ಅಲ್ಲಿ ಈ ನೆಟೆ ಮ್ಯಾಲೆ ಕೆಲಸ ಮಾಡೋರು ಏನು ಓದಿರ್ತಾರ?’ ಎಂದು ಕೇಳಿದರು. ಹೇಳಿದೆ. ಎಷ್ಟು ವರ್ಷ ಆಗುತ್ತದೆ ಎಂದರು. ಹೇಳಿದೆ. ಸಂಬಳ ಎಷ್ಟು ಎಂದರು. ಏರಿಸದೆ, ಇಳಿಸದೆ ಅದನ್ನೂ ಹೇಳಿದೆ. ಆಮೇಲೆ ಅವರು ಕೇಳದಿದ್ದರೂ, ನನ್ನ ಸಂಬಳ ಎಷ್ಟು, ನಾನು ದಿನವಿಡೀ ಏನು ಮಾಡುತ್ತೇನೆ ಎಂಬುದನ್ನೂ ಮೊದಲ ಸಲ ಅವರಿಗೆ ಹೇಳಿದೆ.